45 ದಿನದ ಪುಕ್ಕಟೆ ಸಾಲ: ಬೆಲೆ ತೆರುವವರು ಯಾರು?
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಸಹೋದರರೇ, ಬಡ್ಡಿ ಹರಾಮ್ ಎಂಬುದು ಭಟ್ಕಳ, ಹೊನ್ನಾವರ, ಕುಮಟಾದ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆದರೂ ಕ್ರೆಡಿಟ್ ಕಾರ್ಡ್ ಸದ್ದಿಲ್ಲದೆ ಒಳಗೆ ಬಂದಿದೆ. ಕೇಳಿದರೆ, "ಗಡುವಿನೊಳಗೆ ಪೂರ್ತಿ ಕಟ್ಟುತ್ತೇವೆ, ಬಡ್ಡಿ ಎಲ್ಲಿದೆ?" ಎನ್ನುತ್ತಾರೆ. ಈ ಮಾತನ್ನು ತೂಗಿ ನೋಡೋಣ.

ಮೊದಲು ಲೆಕ್ಕ. ಕಾರ್ಡಿನಲ್ಲಿ 50,000 ರೂಪಾಯಿ ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. ಬಡ್ಡಿ 1,750, ಅದರ ಮೇಲೆ ಶೇ. 18 ಜಿಎಸ್‌ಟಿ 315. ನೀವು 'ಕನಿಷ್ಠ ಮೊತ್ತ' 2,500 ಕಟ್ಟಿದರೆ ಅಸಲಿಗೆ ಸೇರುವುದು 435 ರೂಪಾಯಿ ಮಾತ್ರ. ವರ್ಷಕ್ಕೆ ಬಡ್ಡಿಯೇ ಶೇ. 42. ಬಾಕಿ ಉಳಿಸಿಕೊಂಡರೆ ಹೊಸ ಖರೀದಿಗೂ 45 ದಿನದ ವಿನಾಯಿತಿ ಸಿಗದು. ಕಾರ್ಡಿನಿಂದ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ. ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಗೊಳಿಸಿತು.

ಪೂರ್ತಿ ಕಟ್ಟುವವನಿಗೆ ಪುಕ್ಕಟೆ ಸಾಲ, ಮೇಲೆ ಪಾಯಿಂಟು, ಕ್ಯಾಶ್‌ಬ್ಯಾಕ್. ಇದು ಎಲ್ಲಿಂದ ಬರುತ್ತದೆ? ಬ್ಯಾಂಕಿನ ಆದಾಯ ಅಂಗಡಿಯವನ ಕಮಿಷನ್, ಶುಲ್ಕ ಮತ್ತು ಬಡ್ಡಿ. ಕಟ್ಟಲಾಗದೆ ಸಿಕ್ಕಿಕೊಂಡವನ ಬಡ್ಡಿಯೂ ಆ ಉಡುಗೊರೆಯ ಹಿಂದೆ ಇದೆ. ಅವನು ನಿಮ್ಮ ನೆರೆಯವನೇ ಆಗಿರಬಹುದು.

ಇನ್ನು ಶರೀಅತ್. ವ್ಯಾಪಾರ ಹಲಾಲ್, ಬಡ್ಡಿ ಹರಾಮ್ ಎಂದು ಸೂರಃ ಅಲ್ ಬಕರಃ ಸ್ಪಷ್ಟಪಡಿಸಿದೆ. ತಡವಾದರೆ ಬಡ್ಡಿ ಕೊಡುತ್ತೇನೆಂಬ ಶರತ್ತಿಗೆ ನಾವು ಸಹಿ ಹಾಕುತ್ತೇವೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 2000ರಲ್ಲಿ ರಿಯಾದ್‌ನಲ್ಲಿ ಸೇರಿ, ಗಡುವಿನೊಳಗೆ ಕಟ್ಟುವ ಇರಾದೆ ಇದ್ದರೂ ಬಡ್ಡಿಯ ಶರತ್ತಿರುವ ಇಂತಹ ಕಾರ್ಡ್ ಸಮ್ಮತವಲ್ಲ ಎಂದು ತೀರ್ಮಾನಿಸಿತು. ಬಡ್ಡಿ ಬೀಳದಂತೆ ಖಂಡಿತ ನೋಡಿಕೊಳ್ಳುವವನಿಗೆ, ಅಗತ್ಯವಿದ್ದಲ್ಲಿ ಅನುಮತಿಸಿದ ವಿದ್ವಾಂಸರೂ ಇದ್ದಾರೆ. ಆದರೆ ಬಡ್ಡಿ ಕಟ್ಟುವುದನ್ನು ಆ ವಿದ್ವಾಂಸರೂ ಒಪ್ಪುವುದಿಲ್ಲ. ನಮ್ಮ ಖಾತೆಯ ಹಣವನ್ನೇ ಖರ್ಚು ಮಾಡುವ ಡೆಬಿಟ್ ಕಾರ್ಡ್, ಯುಪಿಐ ಇರುವಾಗ ಸಂಶಯದ ದಾರಿ ಏಕೆ?

ಪ್ರವಾದಿ(ಸ)ರು ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಸಾಲಗಾರ ಮಾತಾಡಿದರೆ ಸುಳ್ಳಾಡುತ್ತಾನೆ, ವಾಗ್ದಾನ ಮುರಿಯುತ್ತಾನೆ ಎಂದು ಕಾರಣವನ್ನೂ ತಿಳಿಸಿದರು. ಗಲ್ಫ್‌ನಲ್ಲಿ ಕೆಲಸ ಹೋಗಿ, ಕಾರ್ಡಿನ ಬಾಕಿ ಬಿಟ್ಟು ಊರಿಗೆ ಬಂದ ಯುವಕರೂ ಕೇಳಲಿ: ಕಡಲು ದಾಟಿದರೆ ಸಾಲ ತೀರುವುದಿಲ್ಲ.

ಈಗಾಗಲೇ ಸಿಕ್ಕಿಕೊಂಡವರು ಮೊದಲು ಕಾರ್ಡ್ ಬಳಕೆ ನಿಲ್ಲಿಸಲಿ. ಮನೆಯವರಿಂದ ಮುಚ್ಚಿಡದಿರಲಿ. ಮದುವೆಯ ಆಡಂಬರ, ಹೊಸ ಫೋನು ಕಾಯಲಿ, ಬಾಕಿ ಮೊದಲು ತೀರಲಿ. ಬಾಕಿ ತೀರಿದ ಮೇಲೆ ಕಾರ್ಡ್ ಮುಚ್ಚಲು ಅರ್ಜಿ ಕೊಟ್ಟರೆ, ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕು 7 ಕೆಲಸದ ದಿನಗಳೊಳಗೆ ಮುಚ್ಚಬೇಕು.

ಉಳ್ಳವರಿಗೂ ಒಂದು ಮಾತು. ಸಾಲಗಾರ ಕಷ್ಟದಲ್ಲಿದ್ದರೆ ಅವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಕುರ್‌ಆನ್ ಕಲಿಸುತ್ತದೆ. ಆಸ್ಪತ್ರೆಯ ಬಿಲ್ಲಿಗೆ, ಮಕ್ಕಳ ಫೀಸಿಗೆ ಒಬ್ಬ ಸಹೋದರ ಕಾರ್ಡ್ ಉಜ್ಜುತ್ತಾನೆಂದರೆ, ಕರ್ಝೆ ಹಸನಾ ಕೇಳಲು ಅವನಿಗೆ ನಮ್ಮ ಬಾಗಿಲು ತೆರೆದಿರಲಿಲ್ಲ ಎಂದರ್ಥ. ಪ್ರತಿ ಜಮಾಅತ್ ಬಡ್ಡಿರಹಿತ ಸಾಲದ ನಿಧಿಯನ್ನು ಬಲಪಡಿಸಲಿ. ಪಡೆದವರು ಮಾತಿನಂತೆ ಮರಳಿಸಲಿ, ಕೊಡುಕೊಳ್ಳುವಿಕೆ ಬರಹದಲ್ಲಿರಲಿ.

ಅಲ್ಲಾಹನು ನಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ, ಸಾಲದ ಹೊರೆಯಿಂದ ನಮ್ಮನ್ನು ಕಾಪಾಡಲಿ. ಆಮೀನ್.