ಪಟದ ಕೆಳಗೆ ಯಾರ ಹೆಸರು?



ನಾವು ಕ್ಯಾಮೆರಾ ಹಿಡಿದು ಸಂಡೂರು ಸೀಮೆಯ ಒಂದು ತಾಂಡಾಕ್ಕೆ ಹೋಗಿದ್ವಿ. ಕಸೂತಿ ಹಾಕ್ತಾ ಕೂತಿದ್ದ ತಾಯಿಗೆ "ಸ್ವಲ್ಪ ನಗವ್ವಾ" ಅಂದ್ವಿ. ಆಕೆ ಸೂಜಿ ನಿಲ್ಲಿಸಿ ಕೇಳಿದರು: "ಈ ಪಟ ನನಗೂ ಒಂದು ಕೊಡ್ತೀರೇನಪ್ಪಾ?" ನಮ್ಮ ಬಾಯಿ ಕಟ್ಟಿತು.

ಈ ಚಾಳಿ ಹಳೆಯದು. ಬ್ರಿಟಿಷ್ ಆಡಳಿತ 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳ ಫೋಟೋ ಪುಸ್ತಕ ತಂದಿತು. ಅದರ ಎಷ್ಟೋ ಪಟಗಳ ಕೆಳಗೆ ಮನುಷ್ಯರ ಹೆಸರಿಲ್ಲ, ಜಾತಿಯ ಹೆಸರಿದೆ. ಬ್ರಿಟಿಷರು ಹೋದರು, ಆ ಬರಹ ಉಳಿಯಿತು.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂತೋಷ. ಆದರೆ ಪಟಗಳಲ್ಲಿ ಕನ್ನಡಿ, ಕವಡೆ, ಕೆಂಪು ಬಟ್ಟೆ ಹೊಳೀತವೆ. ಕೆಳಗೆ 'ಲಂಬಾಣಿ ಮಹಿಳೆ' ಅಂತಷ್ಟೇ. ಕೂಲಿ ಎಷ್ಟು? ಕಬ್ಬು ಕಡಿಯೋಕೆ ವಲಸೆ ಹೋಗೋದು ಯಾವಾಗ? ಪಟ ಹೇಳಲ್ಲ.

ಈಗ ಹಾಸ್ಟೆಲಿನ ನಮ್ಮ ಕೈಯಲ್ಲೂ ಫೋನಿದೆ. ಪಟ ತೆಗೆಯೋಣ. ಮೊದಲು ಕೇಳೋಣ. ಒಪ್ಪಿದರೆ ಹೆಸರು ಬರೆಯೋಣ. ಒಂದು ರವಿಕೆಗೆ ಎಷ್ಟು ದಿನ, ಎಷ್ಟು ಕೂಲಿ, ಅದನ್ನೂ ಬರೆಯೋಣ. ಒಂದು ಪ್ರತಿ ಅವರ ಕೈಗೇ ಕೊಟ್ಟು ಬರೋಣ. ನಮ್ಮ ತಾಯಂದಿರು ಯಾರದೋ ಗೋಡೆಯ ಅಲಂಕಾರ ಆಗೋದು ಬೇಡ.

ಜೈ ಭೀಮ್.