ಮೊಳಕೆಯನ್ನು ನೋಡುವ ಬಗೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಗಾದೆ ಸುಳ್ಳಲ್ಲ, ಆದರೆ ಮೊಳಕೆಯನ್ನು ನೋಡುವ ಕಣ್ಣು ಪಳಗಿರಬೇಕು. ಕೊಚ್ಚಿಯಲ್ಲಾಗಲಿ, ತಿರುವನಂತಪುರದಲ್ಲಾಗಲಿ, ರಜೆಯ ದಿನ ಬಯಲಿನ ಅಂಚಿನಲ್ಲಿ ನಿಂತು, ನಾಲ್ಕು ಸಿಕ್ಸರ್ ಹೊಡೆದ ಹುಡುಗನನ್ನು ಕಂಡು “ಇವನು ನಾಳೆ ರಣಜಿ ಆಡುವವನೇ ಸರಿ” ಎಂದುಬಿಡುವವರು ನಮ್ಮಲ್ಲಿ ಬಹಳ. ಆ ಮಾತನ್ನು ನಂಬಿ ಮಗನ ಓದು ಬಿಡಿಸುವವರೂ ಉಂಟು. ಅದಕ್ಕೆ ಹೆದರಿ ಬ್ಯಾಟನ್ನೇ ಅಟ್ಟಕ್ಕೆ ಎಸೆಯುವವರೂ ಉಂಟು. ಎರಡೂ ಅವಸರವೇ. ಆದುದರಿಂದ ಎಳೆಯರ ಆಟವನ್ನು ಅಳೆಯುವುದು ಹೇಗೆ ಎಂಬುದನ್ನು ಈ ದಿನ ಸ್ವಲ್ಪ ವಿಚಾರ ಮಾಡೋಣ.

ಭತ್ತಕ್ಕೆ ಸಸಿಮಡಿ ಇದ್ದಂತೆ ಕ್ರಿಕೆಟ್ಟಿಗೂ ಮಡಿಗಳಿವೆ. 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ, 23ರೊಳಗಿನವರಿಗೆ ಸಿ. ಕೆ. ನಾಯುಡು ಟ್ರೋಫಿ. ಸಾಮಾನ್ಯವಾಗಿ ಇವನ್ನು ಹಾದುಬಂದವನು ರಣಜಿಯ ಬಾಗಿಲು ತಟ್ಟುತ್ತಾನೆ. 2024–25ರಲ್ಲಿ ರಣಜಿ ಆಡಿದ ತಂಡಗಳು 38. ತಂಡಕ್ಕೆ 11 ಮಂದಿಯಂತೆ ಇಡೀ ದೇಶಕ್ಕೆ 418 ಸ್ಥಾನಗಳು. ಸಂಬಳದ ಲೆಕ್ಕ ಬಲ್ಲ ನಮಗೆ ಈ ಲೆಕ್ಕವೂ ನೆನಪಿರಬೇಕು.

ಹುಡುಗನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಹೊಡೆದ ಎಂಬುದಲ್ಲ, ಎಷ್ಟು ಹೊತ್ತು ನಿಂತ ಎಂಬುದು. ನಮ್ಮ ಕಾಸರಗೋಡಿನ ತಳಂಗರೆಯ ಮೊಹಮ್ಮದ್ ಅಜರುದ್ದೀನರನ್ನು ನೋಡಿ. 2021ರ ಜನವರಿಯಲ್ಲಿ ವಾಂಖೆಡೆ ಮೈದಾನದಲ್ಲಿ, ಮುಂಬಯಿ ತಂಡದ ಎದುರು 20 ಓವರುಗಳ ಪಂದ್ಯದಲ್ಲಿ, ಅವರು 54 ಎಸೆತಗಳಿಗೆ ಔಟಾಗದೆ 137 ರನ್ನು ಹೊಡೆದರು. ದೇಶವೆಲ್ಲ ಬೆರಗಾಯಿತು. ಬೆಂಗಳೂರಿನ ಐಪಿಎಲ್ ತಂಡ 20 ಲಕ್ಷ ರೂಪಾಯಿಗೆ ಅವರನ್ನು ಕೊಂಡಿತು. ಆದರೆ ಒಂದು ಪಂದ್ಯದಲ್ಲೂ ಆಡುವ ಅವಕಾಶ ಬರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ, 2025ರ ಫೆಬ್ರವರಿಯಲ್ಲಿ, ಅಹಮದಾಬಾದಿನ ರಣಜಿ ಸೆಮಿಫೈನಲಿನಲ್ಲಿ ಅದೇ ಮನುಷ್ಯ 341 ಎಸೆತಗಳನ್ನು ಎದುರಿಸಿ ಔಟಾಗದೆ 177 ಗಳಿಸಿದರು. ಕೇರಳ 457, ಗುಜರಾತ್ 455. ಗುಜರಾತಿನ ಕೊನೆಯ ಆಟಗಾರ ಹೊಡೆದ ಚೆಂಡು ಸಲ್ಮಾನ್ ನಿಜಾರರ ಹೆಲ್ಮೆಟ್ಟಿಗೆ ಬಡಿದು ಚಿಮ್ಮಿ ನಾಯಕ ಸಚಿನ್ ಬೇಬಿಯವರ ಕೈಗೆ ಬಿತ್ತು. ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನ ಮುನ್ನಡೆಯೇ ನಿರ್ಣಾಯಕವಾದ್ದರಿಂದ, ಆ ಎರಡು ರನ್ನುಗಳ ಬಲದ ಮೇಲೆ ಕೇರಳ ಮೊಟ್ಟಮೊದಲ ಬಾರಿಗೆ ಫೈನಲ್ ಸೇರಿತು. 54 ಎಸೆತಗಳಲ್ಲಿ ಕಂಡದ್ದು ಹೂವು. 341 ಎಸೆತಗಳಲ್ಲಿ ಕಂಡದ್ದು ಕಾಯಿ. ಆಗ ಅವರ ವಯಸ್ಸು 30.

ಕಿರು ಆಟವನ್ನು ನಾವು ಹಳಿಯುತ್ತಿಲ್ಲ. ಓವರುಗಳಿಗೆ ಮಿತಿ ಹಾಕಿದ ಪಂದ್ಯಗಳನ್ನು 1950ರ ದಶಕದಲ್ಲೇ ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದ ಪೂಜಾ ಪಂದ್ಯಾವಳಿಯಲ್ಲಿ ಆಡಿದ್ದರು. ಬಡವರ ಮಕ್ಕಳಿಗೆ ಬಾಗಿಲು ತೆರೆಯುವುದೂ ಹಲವು ವೇಳೆ ಈ ಆಟವೇ. ಇಲ್ಲಿ ಕೇಳಬೇಕಾದ ಎರಡನೆಯ ಪ್ರಶ್ನೆ: ಇತರರಲ್ಲಿ ಇಲ್ಲದ ಕಸುಬು ಇವನಲ್ಲಿ ಏನಿದೆ? 2024ರಲ್ಲಿ ತಿರುವನಂತಪುರದ ಕಾರ್ಯವಟ್ಟಂ ಮೈದಾನದಲ್ಲಿ ಕೇರಳ ಕ್ರಿಕೆಟ್ ಲೀಗ್ ಆರಂಭವಾಯಿತು. ಮಲಪ್ಪುರಂ ಜಿಲ್ಲೆಯ ಆಟೋ ಚಾಲಕರೊಬ್ಬರ ಮಗ ವಿಘ್ನೇಶ್ ಪುತ್ತೂರ್ ಅದರಲ್ಲಿ ಆಡಿದರು. ಎಡಗೈಯ ಮಣಿಕಟ್ಟಿನಿಂದ ಚೆಂಡು ತಿರುಗಿಸುವುದು ಅವರ ವಿದ್ಯೆ, ಅದು ಅಪರೂಪ. ಕೇರಳದ ಹಿರಿಯರ ತಂಡಕ್ಕೆ ಇನ್ನೂ ಆಡದ ಅವರನ್ನು ಮುಂಬಯಿಯ ಐಪಿಎಲ್ ತಂಡ 30 ಲಕ್ಷಕ್ಕೆ ಆರಿಸಿತು. 2025ರ ಮಾರ್ಚ್ 23ರಂದು ಚೆನ್ನೈಯಲ್ಲಿ ಮೊದಲ ಪಂದ್ಯದಲ್ಲೇ ಮೂರು ವಿಕೆಟ್ ಕಿತ್ತರು. ಆದರೆ ಅದೇ ಋತುವಿನಲ್ಲಿ ಕಾಲಿನ ಮೂಳೆ ನೋವಿನಿಂದ ಆಟ ನಿಲ್ಲಿಸಬೇಕಾಯಿತು. ವಿದ್ಯೆ ಎಷ್ಟಿದ್ದರೂ ದೇಹ ಒಪ್ಪಬೇಕು.

ಮೂರನೆಯ ಪ್ರಶ್ನೆ: ಬಿದ್ದವನು ಏಳುತ್ತಾನೆಯೇ? ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈಯ ಟೆಸ್ಟಿನಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ಹೊಡೆದವರು. ಮುಂದೆ ಭಾರತ ತಂಡದಿಂದ ಮಾತ್ರವಲ್ಲ, ಕರ್ನಾಟಕ ತಂಡದಿಂದಲೂ ಹೊರಬಿದ್ದು, 2023ರಲ್ಲಿ ವಿದರ್ಭಕ್ಕೆ ಹೋದರು. 2025ರಲ್ಲಿ ನಾಗಪುರದ ಫೈನಲಿನಲ್ಲಿ ಕೇರಳದ ಎದುರು ಅವರು ಗಳಿಸಿದ್ದು 86 ಮತ್ತು 135. ವಿದರ್ಭ 37 ರನ್ನುಗಳ ಮುನ್ನಡೆಯಿಂದ ಟ್ರೋಫಿ ಗೆದ್ದಿತು. ಮರಳಿ ಕರ್ನಾಟಕಕ್ಕೆ ಬಂದ ಅವರು ಅದೇ ವರ್ಷದ ನವೆಂಬರಿನಲ್ಲಿ, ತಿರುವನಂತಪುರದ ಬಳಿಯ ಮಂಗಲಪುರಂನಲ್ಲಿ, ಅಜರುದ್ದೀನರ ನಾಯಕತ್ವದ ಕೇರಳದ ಎದುರು 233 ಹೊಡೆದರು. ಜೊತೆಯಲ್ಲಿ 22 ವರ್ಷದ ಆರ್. ಸ್ಮರಣ್ ಔಟಾಗದೆ 220. ಕರ್ನಾಟಕ ಇನ್ನಿಂಗ್ಸ್ ಮತ್ತು 164 ರನ್ನುಗಳಿಂದ ಗೆದ್ದಿತು. ಸ್ಮರಣ್ ಅದೇ ಜನವರಿಯಲ್ಲಿ ಬೆಂಗಳೂರಿನಲ್ಲಿ ಪಂಜಾಬಿನ ಮೇಲೂ 203 ಹೊಡೆದಿದ್ದರು. ಬೇರೆ ನೆಲ, ಬೇರೆ ಎದುರಾಳಿ, ಅದೇ ಫಲ: ಮೊಳಕೆ ಗಟ್ಟಿಯೆನ್ನಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ನಮ್ಮಂಥ ಹೊರನಾಡಿಗರು ಇನ್ನೊಂದು ಮಾತನ್ನು ಗಮನಿಸಬೇಕು. ಕರುಣ್ ಮಲಯಾಳಿ ಮನೆತನದವರು. ದೇವದತ್ತ ಪಡಿಕ್ಕಲ್ ಹುಟ್ಟಿದ್ದು ಕೇರಳದ ಎಡಪ್ಪಾಳಿನಲ್ಲಿ. ಇಬ್ಬರನ್ನೂ ಕರ್ನಾಟಕ ತನ್ನವರೆಂದು ಬೆಳೆಸಿತು. ಕೊಡಗಿನ ರಾಬಿನ್ ಉತ್ತಪ್ಪ 2019ರಲ್ಲಿ ಕೇರಳಕ್ಕೆ ಬಂದು ಆಡಿದರು. ಆದುದರಿಂದ ಇಲ್ಲಿ ಬೆಳೆಯುವ ನಮ್ಮ ಮನೆಯ ಹುಡುಗ ಕೇರಳದ ಟೊಪ್ಪಿಗೆ ಆಸೆಪಟ್ಟರೆ ಕನ್ನಡಕ್ಕೆ ಕುಂದಿಲ್ಲ. ಬೆವರು ಬಿದ್ದ ನೆಲ ಕೈಬಿಡುವುದಿಲ್ಲ.

ಕೊನೆಗೆ ಹೇಳುವುದಿಷ್ಟೆ. ಹುಡುಗ ಆಡಲಿ, ಶಾಲೆಯನ್ನೂ ಬಿಡದಿರಲಿ. ಒಂದು ದಿನದ ಚಪ್ಪಾಳೆಯಿಂದಾಗಲಿ, ಒಂದು ದಿನದ ಸೊನ್ನೆಯಿಂದಾಗಲಿ ತೀರ್ಪು ಕೊಡುವುದು ಬೇಡ. ಅಜರುದ್ದೀನರಿಗೆ ನಾಲ್ಕು ವರ್ಷ ಬೇಕಾಯಿತು. ಕರುಣರಿಗೆ ಅದಕ್ಕಿಂತ ಹೆಚ್ಚು. ಅಷ್ಟು ಕಾಲ ಕಾಯಬೇಕಾದರೆ ಹುಡುಗನಿಗೆ ಕೈಯಲ್ಲಿ ಇನ್ನೊಂದು ಅನ್ನದ ದಾರಿ ಇರಬೇಕು, ಮನೆಯವರಿಗೆ ಸೈರಣೆ ಇರಬೇಕು. ಈ ಎರಡನ್ನು ಒದಗಿಸುವುದು ನಮ್ಮ ಕೆಲಸ; ಉಳಿದದ್ದು ಅವನ ಕೆಲಸ.