ನಿಲ್ದಾಣದ ಪಕ್ಕದಲ್ಲೊಂದು ಸೂರು

ಗೋಣಿಬೀಡಿನ ಬಂಧುಗಳೇ,

ಕಾಫಿ ತೋಟದ ಲೈನ್ ಮನೆ ಇಲ್ಲಿ ಎಲ್ಲರಿಗೂ ಗೊತ್ತು. ಹೊಸ್ತಿಲು ದಾಟಿದರೆ ತೋಟ; ಕಾರ್ಮಿಕರು ಕೆಲಸಕ್ಕೆ ನಡೆದೇ ಹೋಗುತ್ತಾರೆ. ತೋಟದಲ್ಲಿ ನೆಲೆಸುವ ಕಾರ್ಮಿಕರಿಗೆ ಮಾಲೀಕರೇ ವಸತಿ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತು.

ನಗರಗಳಲ್ಲಿ ಮನೆ ಒಂದೆಡೆ, ಕೆಲಸ ಇನ್ನೊಂದೆಡೆ. ನಡುವಿನ ರಸ್ತೆಯನ್ನು ಕಾರುಗಳು ತುಂಬುತ್ತವೆ. ಇದಕ್ಕೆ ಸ್ವೀಡನ್ನಿನ ಸ್ಟಾಕ್‌ಹೋಮ್ ಕಂಡುಕೊಂಡ ಉಪಾಯ ಸರಳ: ಸುರಂಗ ರೈಲಿನ ನಿಲ್ದಾಣದ ಸುತ್ತಲೇ ಬಡಾವಣೆ. 1954ರಲ್ಲಿ ಉದ್ಘಾಟನೆಯಾದ ವೆಲ್ಲಿಂಗ್‌ಬಿ ಅಂಥದು. ನಿಲ್ದಾಣದ ಬಳಿ ಅಂಗಡಿಗಳು, ಬಹುಮಹಡಿ ಮನೆಗಳು; ದೂರ ಸರಿದಂತೆ ತಗ್ಗಿನ ಮನೆಗಳು. ಆ ನೆಲವನ್ನು ನಗರಾಡಳಿತ ಬಹಳ ಮೊದಲೇ ಕೊಂಡಿಟ್ಟಿತ್ತು. ಗುಟ್ಟು ಇರುವುದು ಅಲ್ಲಿ.

ಬೆಂಗಳೂರಿನಲ್ಲಿ ಬಡಾವಣೆಗಳು ಮೊದಲು ಹಬ್ಬಿದವು. ಮೆಟ್ರೊ ಬಂದದ್ದು 2011ರಲ್ಲಿ. ರೈಲು ಬರುವ ಸುದ್ದಿಗೇ ನೆಲದ ಬೆಲೆ, ಬಾಡಿಗೆ ಏರುತ್ತವೆ. ಆಗ ನಿಲ್ದಾಣದ ಪಕ್ಕ ಕಾರುಳ್ಳವರು ನೆಲೆಸುತ್ತಾರೆ; ಬಸ್ಸು ರೈಲನ್ನೇ ನಂಬಿದ ಗಾರ್ಮೆಂಟ್ಸ್ ಕೆಲಸದವರು, ಮನೆಗೆಲಸದವರು ಹೊರವಲಯಕ್ಕೆ ಸರಿಯುತ್ತಾರೆ. ಕಾರುಗಳೂ ಕಡಿಮೆಯಾಗುವುದಿಲ್ಲ.

ಲೈನ್ ಮನೆಯ ಪಾಠವೂ ಇದೇ. ಅದು ಹತ್ತಿರದ್ದು, ನಿಜ, ಆದರೆ ಸ್ವಂತದ್ದಲ್ಲ. ಕೆಲಸ ಹೋದರೆ ಸೂರೂ ಹೋಗುತ್ತದೆ. ಮನೆ ಹತ್ತಿರವಿದ್ದರೆ ಸಾಲದು. ನಡೆದು ಬರುವವರ ಕೈಗೆಟುಕಬೇಕು, ಕೈಯಲ್ಲಿ ಉಳಿಯಲೂ ಬೇಕು.

ಗೋಣಿಬೀಡಿಗೆ ರೈಲಿಲ್ಲ; ಬಸ್ಸೇ ಆಸರೆ. ಮನೆಯಿಲ್ಲದವರಿಗೆ ನಿವೇಶನ ಗುರುತಿಸುವಾಗ ಒಂದು ಪ್ರಶ್ನೆ ಮೊದಲು ಕೇಳಿ: ಬಸ್ ನಿಲ್ಲುವ ಜಾಗಕ್ಕೆ ಅಲ್ಲಿಂದ ಎಷ್ಟು ನಡೆಯಬೇಕು?